ಎ ಗ್ರೂಪಿನ ಶಾಂತಿ

ಬನಹಟ್ಟಿಯ ಬಸಗೊಂಡಪ್ಪ ಬಿ.ಪಿ. ಗುಳಿಗೆ ಮುಟ್ಟುವುದಿಲ್ಲವೆಂದು ಶಪಥ ಮಾಡಿದ! ಡಾಕ್ಟರು ಬರೆದುಕೊಟ್ಟ ಗುಳಿಗೆ ಗೋಡೆಯ ಗೂಡಿನಲ್ಲೇ ಇತ್ತು. ಒಮ್ಮೆ ನುಂಗಿದರೆ ತಾನು ಮುದುಕನೆಂದು ಊರಿಗೆಲ್ಲ ಡಂಗುರ ಸಾರಿದಂತೆ ಎಂಬುದು ಅವನ ಭಯ.

ಅಷ್ಟರಲ್ಲಿ ಮೊಬೈಲಿಗೊಂದು ಮೆಸೇಜು ಬಂತು. ಟೆನ್ಶನ್ ಇಳಿಯಲು ಓ ಗ್ರೂಪಿನ ರಕ್ತದವರು ಓಡಬೇಕಂತೆ. ಎ ಗ್ರೂಪಿನವರು ಸದ್ದಿಲ್ಲದ ಕಡೆ ಅಲುಗಾಡದೆ ಕೂರಬೇಕಂತೆ.

"ನಂದು ಎ. ನಾ ಕುಂತರ ಸಾಕು, ಬಿ.ಪಿ. ತಾನ ಓಡಿ ಹೋಗತೈತಿ," ಎಂದ ಹೆಂಡತಿ ದಾನಮ್ಮನಿಗೆ.

"ನೀವು ಸುಮ್ಮ ಕುಂತದ್ದ ನಾ ಲಗ್ನ ಆದಾಗಿಂದ ನೋಡಿಲ್ರಿ. ಗುಳಗಿ ತಗೊಳ್ರಿ."

ಮನೆಯ ಹಿಂದೆಯೇ ಅವರ ಪವರ್‌ಲೂಮ್ ಶೆಡ್ಡು. ಆ ಖಟಖಟದಲ್ಲಿ ಶಾಂತಿ ಎಲ್ಲಿಂದ ಬರಬೇಕು? ದಾನಮ್ಮ ಸಂತೆಗೆ ಹೋದದ್ದೇ ತಡ, ನೇಕಾರರನ್ನು ಚಹಾಕ್ಕೆ ಅಟ್ಟಿ ಮೇನ್ ಸ್ವಿಚ್ ಇಳಿಸಿದ. ಬಿಳಿ ಧೋತರ ಹೊದ್ದು, ಗೋಡೆಗೊರಗಿ ಕೂತು ಕಣ್ಣು ಮುಚ್ಚಿದ. ಮೂಗಿನ ಮೇಲೆ ನೊಣ ಕೂತಿತು. ಅಂಗಾಲು ತುರಿಸಿತು. ಆ ಓಣಿಯಲ್ಲಿ ಕರೆಂಟು ಇದ್ದೂ ಮಗ್ಗ ನಿಂತಿತೆಂದರೆ ಮನೆಯಲ್ಲಿ ಸಾವಾಗಿದೆ ಎಂದರ್ಥ. ಅದೊಂದು ಮಾತ್ರ ಅವನಿಗೆ ನೆನಪಾಗಲಿಲ್ಲ.

ಪಕ್ಕದ ಮನೆಯ ಶಂಕ್ರೆವ್ವ ಗಾಬರಿಯಿಂದ ಇಣುಕಿದಳು. ಬಿಳಿ ಧೋತರ, ಮುಚ್ಚಿದ ಕಣ್ಣು, ಗೋಡೆಗೊರಗಿದ ಮೈ. ಅವರ ಮಂದಿಯಲ್ಲಿ ಸತ್ತವರನ್ನು ಕೂರಿಸುವುದೂ ಹೀಗೆಯೇ.

"ಅಯ್ಯ ನನ್ನ ತಮ್ಮಾ, ಹೆಂಗ ಬಿಟ್ಟ ಹೋದ್ಯೋ!"

ಯಾರೋ ಹೋಗಿಬಿಟ್ಟರು ಪಾಪ, ಅಂದುಕೊಂಡ ಬಸಗೊಂಡಪ್ಪ. ಎದ್ದು ಹೋಗಿ ನೋಡಿದರೆ ಶಾಂತಿ ಕೆಡುತ್ತದಲ್ಲ! ಕಣ್ಣು ಇನ್ನಷ್ಟು ಬಿಗಿ ಮುಚ್ಚಿದ. ಓಣಿಗೆ ಓಣಿಯೇ ಶೆಡ್ಡಿನಲ್ಲಿ ತುಂಬಿತು. ಯಾರೋ ಹಣೆಗೆ ವಿಭೂತಿ ಬಳಿದರು. ಕೊರಳಿಗೆ ತಣ್ಣಗೆ ಹೂವಿನ ಮಾಲೆ ಬಿತ್ತು.

"ಯಾವಾಂವಲೇ ಅಂವ! ಒಂದ ಗಳಿಗಿ ಸುಮ್ಮ ಕುಂದರಾಕ ಬಿಡಂಗಿಲ್ಲೇನ?" ಬಸಗೊಂಡಪ್ಪ ಕಣ್ಣು ಬಿಟ್ಟು ಗುಡುಗಿದ.

ಶಂಕ್ರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. "ಒದರಾಕತ್ತಾನ. ಆರಾಮ ಅದಾನ, ನಡೀರಿ. ಸತ್ತ ಮನಿಗೆ ಬೇಕಾಗತೈತೆಂತ ಅನ್ನಕ್ಕ ಬ್ಯಾರೆ ಇಟ್ಟ ಬಂದೇನಿ."

"ಎದಿ ಮುಟ್ಟಿ ನೋಡಬಾರದೇನಬೇ?"

"ನೀ ಸುಮ್ಮ ಕುಂತಿದ್ದೆಲ್ಲೋ. ಮತ್ತ್ಯಾಕ ಮುಟ್ಟಿ ನೋಡಬೇಕು?"

ಅಷ್ಟರಲ್ಲಿ ಸುದ್ದಿ ಕೇಳಿದ ದಾನಮ್ಮ ಅಳುತ್ತ ಓಡಿ ಬಂದಳು. ಮಾಲೆ ಹಾಕಿಕೊಂಡು ಜಗಳಕ್ಕೆ ನಿಂತ ಗಂಡನನ್ನು ಕಂಡು ಹೋದ ಜೀವ ಬಂದಂತಾಯಿತು. ಬಂದ ಜೀವಕ್ಕೆ ಸಿಟ್ಟೂ ಬಂತು. ಸ್ವಿಚ್ ಏರಿಸಿ, ಒಳಗಿನಿಂದ ಗುಳಿಗೆಯನ್ನೂ ತಂಬಿಗೆ ನೀರನ್ನೂ ತಂದು ಮುಂದೆ ಹಿಡಿದಳು.

ಬಸಗೊಂಡಪ್ಪನ ಎದೆ ಮಗ್ಗಗಳಿಗಿಂತ ಜೋರಾಗಿ ಬಡಿಯುತ್ತಿತ್ತು. ಕೈ ಚಾಚಿದ.

"ಎ ಗ್ರೂಪಿನವ್ರು ಇದನ್ನ ಹೆಂಗ ತಗೋಬೇಕ?"

"ಎಲ್ಲಾ ಗ್ರೂಪಿನವ್ರೂ ಬಾಯಿ ಮುಚ್ಚಿಕೊಂಡ ನುಂಗ್ತಾರ್ರಿ."