ಕಾಪುವಿನಲ್ಲಿ ವಾಲ್‌ಫ್ಲವರ್

ಇಂಗ್ಲಿಷ್ ಮಾಷ್ಟ್ರ ಕಷ್ಟ ಗಣಿತದ ಮಾಷ್ಟ್ರಿಗೆ ಗೊತ್ತಾಗುವುದಿಲ್ಲ. ಅವರು ಎರಡಕ್ಕೆ ಎರಡು ಕೂಡಿಸಿ ಮನೆಗೆ ಹೋಗುತ್ತಾರೆ. ನಾನು ಮಾತ್ರ ಜನ್ಮದಲ್ಲಿ ಕಾಣದ ಹಿಮವನ್ನೂ ಓಕ್ ಮರವನ್ನೂ ನಿನ್ನೆಯಷ್ಟೇ ನೋಡಿ ಬಂದವನಂತೆ ವರ್ಣಿಸಬೇಕು. ಒಂಬತ್ತನೆಯ ತರಗತಿಯ ಪಾಠವೊಂದರಲ್ಲಿ ವಾಲ್‌ಫ್ಲವರ್ ಎಂಬ ಹೂವು ಬರುತ್ತಿತ್ತು. ಹನ್ನೊಂದು ವರ್ಷ ನಾನು ಅದನ್ನು ‘ಒಂದು ಜಾತಿಯ ಪುಷ್ಪ’ ಎಂದು ಹೇಳಿ ಮುಂದಿನ ಸಾಲಿಗೆ ಹಾರಿದ್ದೆ. (ನಮ್ಮ ವೃತ್ತಿಯಲ್ಲಿ ಗೊತ್ತಿಲ್ಲದ ಹೂವೆಲ್ಲ ಒಂದು ಜಾತಿಯ ಪುಷ್ಪ, ಗೊತ್ತಿಲ್ಲದ ಹಕ್ಕಿಯೆಲ್ಲ ಒಂದು ಜಾತಿಯ ಪಕ್ಷಿ.)

ಹೀಗೆ ಮರ್ಯಾದೆಯಿಂದ ಬದುಕಿದ್ದವನನ್ನು ಹಾಳು ಮಾಡಿದವನು ಶಿರ್ವದ ಲಿಯೋನೆಲ್. ನನ್ನ ಹಳೆಯ ವಿದ್ಯಾರ್ಥಿ, ಹಡಗಿನಲ್ಲಿ ಕೆಲಸ. ಎಪ್ಪತ್ತೊಂಬತ್ತರ ಮೇ ತಿಂಗಳಲ್ಲಿ ರಜೆಯಲ್ಲಿ ಬಂದವನು ಕಾಪುವಿನ ನಮ್ಮ ಮನೆಗೂ ಬಂದ. ಊರಿನವರಿಗೆಲ್ಲ ಸೆಂಟು, ಟಾರ್ಚು ತಂದಿದ್ದನಂತೆ. ನನ್ನ ಕೈಗೆ ಮಾತ್ರ ಒಂದು ಬೀಜದ ಪೊಟ್ಟಣ ಇಟ್ಟ.

“ವಾಲ್‌ಫ್ಲವರ್, ಸರ್. ಪಾಠ ಮಾಡುವಾಗ ನೀವು ಅಷ್ಟು ಚೆಂದ ಹೇಳಿದ್ದಿರಲ್ಲ. ಇಂಗ್ಲೆಂಡಿನ ಅಂಗಡಿಯಲ್ಲಿ ಕಂಡಾಗ ನಿಮ್ಮದೇ ನೆನಪಾಯಿತು.”

ಒಂದು ಜಾತಿಯ ಪುಷ್ಪ ಎಂದಷ್ಟೇ ಹೇಳಿದ್ದನ್ನು ಇವನು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದಾನೆ ಎಂದು ನನ್ನ ಕಣ್ಣು ಒದ್ದೆಯಾಯಿತು. ಈ ಹೂವನ್ನು ಬೆಳೆಸಿ, ಕಣ್ಣಾರೆ ನೋಡಿ, ಒಮ್ಮೆಯಾದರೂ ಸುಳ್ಳಿಲ್ಲದೆ ಪಾಠ ಮಾಡಬೇಕು ಎಂದು ಆ ಗಳಿಗೆಯಲ್ಲೇ ಸಂಕಲ್ಪ ಮಾಡಿದೆ.

ಸಂಕಲ್ಪಕ್ಕೆ ಜಾಗ ಬೇಕಲ್ಲ. ನಮ್ಮ ಹಿತ್ತಿಲೆಂದರೆ ಎಂಟು ತೆಂಗಿನಮರದ ನೆರಳು. ಒಳ್ಳೆಯ ಬಿಸಿಲು ಬೀಳುವುದು ಬಾವಿಯ ಪಕ್ಕ, ಕಾಂಪೌಂಡ್ ಗೋಡೆಯ ಬುಡದಲ್ಲಿ ಒಂದು ಚಾಪೆಯಷ್ಟು ಜಾಗಕ್ಕೆ ಮಾತ್ರ. ಅಲ್ಲಿ ಮಲ್ಲಿಗೆ ನೆಡಬೇಕೆಂದು ನನ್ನ ಹೆಂಡತಿ ನಳಿನಾಕ್ಷಿ ವರ್ಷದಿಂದ ಹೇಳುತ್ತಿದ್ದಳು. ಪಕ್ಕದ ಮನೆಯ ಝೀಟಾಬಾಯಿ ಕೊಟ್ಟ ನಾಲ್ಕು ಮಲ್ಲಿಗೆ ಗಿಡಗಳು ಹಳೆಯ ಡಬ್ಬಗಳಲ್ಲಿ ಜಗಲಿಯ ಮೇಲೆ ಕಾಯುತ್ತಿದ್ದವು.

“ಮಲ್ಲಿಗೆ ಊರಿಡೀ ಉಂಟು,” ಎಂದೆ ನಾನು. “ಇದು ಇಡೀ ಜಿಲ್ಲೆಯಲ್ಲಿ ಇಲ್ಲ.”

“ಊರಿಡೀ ಉಂಟು, ನನ್ನ ತಲೆಯಲ್ಲಿ ಇಲ್ಲ,” ಎಂದಳು. “ಮದುವೆಯಾಗಿ ಹದಿನಾಲ್ಕು ವರ್ಷ ಆಯಿತು. ಒಂದು ಚೆಂಡು ಮಲ್ಲಿಗೆ ತನ್ನಿ ಅಂದರೆ ನಿಮಗೆ ಬಸ್ಸು ತಪ್ಪುತ್ತದೆ.”

ಕೊನೆಗೆ ಒಪ್ಪಂದವಾಯಿತು. ನವರಾತ್ರಿಯೊಳಗೆ ಹೂ ಬಿಟ್ಟರೆ ಜಾಗ ಶಾಶ್ವತವಾಗಿ ನನ್ನದು. ಬಿಡದಿದ್ದರೆ ಮಲ್ಲಿಗೆಯದ್ದು, ಮತ್ತು ಅದಕ್ಕೆ ನೀರು ಸೇದುವ ಕೆಲಸ ನನ್ನದು. ಹದಿನಾಲ್ಕು ವರ್ಷಗಳಲ್ಲಿ ಬಾವಿಯ ಹಗ್ಗ ಮುಟ್ಟದವನು ನಾನು. ಯುದ್ಧ ಎಷ್ಟು ಘೋರವಾದದ್ದೆಂದು ಇದರಿಂದ ತಿಳಿಯಬಹುದು.

ಪೊಟ್ಟಣದ ಹಿಂದೆ ‘ಮೇ-ಜೂನ್ ತಿಂಗಳಲ್ಲಿ ಬಿತ್ತುವುದು’ ಎಂದಿತ್ತು. ನಾನು ಅಕ್ಷರಶಃ ಪಾಲಿಸುವವನು. ನೆಲ ಅಗೆದೆ, ಹಟ್ಟಿಗೊಬ್ಬರ ಹೊತ್ತೆ, ಮಣ್ಣನ್ನು ರವೆಯಂತೆ ಪುಡಿ ಮಾಡಿದೆ. ಜೂನ್ ಮೂರರಂದು ಬಿತ್ತಿದೆ. ನಾಲ್ಕರಂದು ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಹಿಡಿಯುವುದೆಂದರೆ ಹೇಗೆಂದು ಪೊಟ್ಟಣ ಬರೆದವನಿಗೆ ತಿಳಿದಿರಲಿಲ್ಲ. ಮೂರು ದಿನ ಅಂಗಳದಲ್ಲಿ ಹೊಳೆ ಹರಿಯಿತು. ನಾನು ಪಾತಿಯ ಮೇಲೆ ಕೊಡೆ ಹಿಡಿದು ನಿಂತೆ. ನನ್ನ ತಲೆಗೆ ಕೊಡೆ ಇರಲಿಲ್ಲ.

“ಜ್ವರ ಬಂದರೆ ಕಷಾಯ ಯಾರು ಮಾಡುವುದು?” ಎಂದು ಅವಳು ಒಳಗಿನಿಂದ ಕೇಳಿದಳು.

ಹತ್ತನೆಯ ದಿನ ಮೊಳಕೆ ಕಂಡಿತು. ಒಂದಲ್ಲ, ಎರಡಲ್ಲ, ಮೂವತ್ತು. ನಾನು ಕೂಗಿ ಕರೆದೆ. ನಳಿನಾಕ್ಷಿ ಬಂದು, ಬಗ್ಗಿ ಗಿಡವನ್ನು ನೋಡಿ, ನೆಟ್ಟಗಾಗಿ ನನ್ನನ್ನು ನೋಡಿ, “ಚೆಂದ ಉಂಟು” ಎಂದಷ್ಟೇ ಹೇಳಿ ಒಳಗೆ ಹೋದಳು. ಪಾಪ, ಹೊಟ್ಟೆಕಿಚ್ಚು ಎಂದುಕೊಂಡೆ.

ಗಿಡಗಳು ದಿನಕ್ಕೊಂದು ಬೆರಳು ಬೆಳೆದವು. ಅರ್ಧ ಅಡಿಯಾದಾಗ ಕುಡಿ ಚಿವುಟಬೇಕು, ಆಗ ಗಿಡ ಪೊದೆಯಾಗುತ್ತದೆ ಎಂದು ಪೊಟ್ಟಣದಲ್ಲಿತ್ತು. ಮಕ್ಕಳಂತೆ ಸಾಕಿದ ಗಿಡದ ಕುಡಿ ಚಿವುಟಲು ನನಗೆ ಕೈ ಬರಲಿಲ್ಲ. ನಳಿನಾಕ್ಷಿಗೆ ಹೇಳಿದೆ. ಬೇರೆ ಯಾವ ಕೆಲಸ ಹೇಳಿದರೂ ಸೊಂಟ ನೋವು ಎನ್ನುವವಳು ಇದಕ್ಕೆ ಬುಟ್ಟಿ ಸಮೇತ ಬಂದಳು. ವಾರಕ್ಕೆ ಎರಡು ಸಲ, ಹೇಳದೆಯೇ ಚಿವುಟಿದಳು. ಅವಳೂ ದಾರಿಗೆ ಬಂದಳು ಎಂದು ನಾನು ಬೀಗಿದೆ.

ಅಷ್ಟರಲ್ಲಿ ಆಟಿ ತಿಂಗಳು, ಎಂದರೆ ನಮ್ಮ ತುಳುನಾಡಿನ ಆಷಾಢ. ತಜಂಕ್ ತಿನ್ನುವ ಕಾಲ. ನಮ್ಮ ಕಡೆ ಮಳೆ ಬಿದ್ದೊಡನೆ ಬೇಲಿ ಬದಿಯಲ್ಲೂ ರಸ್ತೆ ಬದಿಯಲ್ಲೂ ತಾನಾಗಿ ಹುಟ್ಟುವ ಸೊಪ್ಪು ಅದು. ಚಿಕ್ಕಂದಿನಿಂದ ತಿನ್ನುತ್ತ ಬಂದವನು ನಾನು, ಎಲೆಯ ಮೇಲೆ ಬಡಿಸಿದ ನಂತರ ಮಾತ್ರ ಗುರುತು ಹಿಡಿಯುವವನು. ಆ ವರ್ಷ ನಮ್ಮ ಮನೆಯಲ್ಲಿ ತಜಂಕಿನ ಸುಗ್ಗಿ. ಒಂದು ದಿನ ಹಲಸಿನ ಬೀಜ ಹಾಕಿ ಪಲ್ಯ, ಇನ್ನೊಂದು ದಿನ ಎಣ್ಣೆಯಲ್ಲಿ ಕರಿದ ಅಂಬಡೆ. ಬಿಸಿ ಅಂಬಡೆ ಏಳು ತಿಂದು, “ಎಲ್ಲಿ ಸಿಕ್ಕಿತು ಇಷ್ಟು ಎಳೆ ಸೊಪ್ಪು?” ಎಂದು ಕೇಳಿದೆ.

“ಇಲ್ಲೇ ಹಿತ್ತಿಲಲ್ಲಿ,” ಎಂದಳು. “ಇನ್ನೆರಡು ಹಾಕಲಾ?”

ಹಾಕಿಸಿಕೊಂಡೆ.

ಸೆಪ್ಟೆಂಬರ್ ಮೊದಲ ವಾರದಲ್ಲಿ ಹೂ ಬಿಟ್ಟಿತು. ಹಳದಿ! ಪೊಟ್ಟಣದ ಚಿತ್ರದಲ್ಲೂ ಹಳದಿ. ಚಿತ್ರದಲ್ಲಿ ನಾಲ್ಕು ದಳ, ನಮ್ಮದರಲ್ಲಿ ಐದು. ಒಂದು ಹೆಚ್ಚಿನದ್ದು ಹಟ್ಟಿಗೊಬ್ಬರದ ಮಹಿಮೆ ಎಂದುಕೊಂಡೆ. ಮಧುರ ಪರಿಮಳ ಎಂದು ಬರೆದಿತ್ತು, ನನಗೆ ಬಂದದ್ದು ಬೇರೆ ವಾಸನೆ. ಮೂರು ತಿಂಗಳು ಮಳೆಯಲ್ಲಿ ನಿಂತ ಮೂಗನ್ನು ನಂಬುವ ಹಾಗಿಲ್ಲ ಎಂದು ಅದನ್ನೂ ಬಿಟ್ಟೆ. ಅಂತೂ ಜಾಗ ನನ್ನದಾಯಿತು. ನಳಿನಾಕ್ಷಿ ಜಗಳ ಮಾಡಲಿಲ್ಲ. ಡಬ್ಬದ ಮಲ್ಲಿಗೆಗೆ ಒಂದು ಚೊಂಬು ನೀರು ಹಾಕಿ ಸುಮ್ಮನಾದಳು.

ಶನಿವಾರ ನಮ್ಮ ಹೆಡ್‌ಮಾಷ್ಟ್ರು ಹೃಷೀಕೇಶ ರಾಯರನ್ನು ಕಾಫಿಗೆ ಕರೆದೆ. ಮೈಸೂರು ಪೇಟೆಯವರು, ನಮ್ಮ ಶಾಲೆಗೆ ಬಂದು ಮೂರೇ ತಿಂಗಳು. ದಪ್ಪ ಕನ್ನಡಕ ಏರಿಸಿ ಹೂವನ್ನು ನೋಡಿದರು.

“ಭೇಷ್, ಜನಾರ್ದನ ಭಟ್ರೇ. ಇಂಗ್ಲೆಂಡಿನ ಹೂವನ್ನ ಈ ಮಳೇಲಿ ಬೆಳೆಸಿದೀರಿ. ಸ್ಕೂಲ್ ಕಾಂಪೌಂಡ್ ಉದ್ದಕ್ಕೂ ಯಾವುದೋ ಕಾಡುಗಿಡ ಬೆಳೆದು ಗಲೀಜಾಗಿದೆ, ನೋಡಿದೀರಲ್ಲ? ಅದನ್ನೆಲ್ಲ ಕೀಳಿಸಿ ಇದನ್ನ ಹಾಕಿಸಿ. ಸೋಮವಾರವೇ. ನೀವೇ ಮುಂದೆ ನಿಂತು ಮಾಡಿಸಬೇಕು.”

ಅವರು ಹೋದ ಮೇಲೆ ನಾನು ಅಂಗಳದಲ್ಲಿ ಎದೆ ಉಬ್ಬಿಸಿ ನಡೆದಾಡಿದೆ. ನಳಿನಾಕ್ಷಿ ಲೋಟ ಎತ್ತುತ್ತ ನಿಂತಳು.

“ಇನ್ನು ಹೇಳದಿದ್ದರೆ ಪಾಪ ಬರುತ್ತದೆ,” ಎಂದಳು. “ಶಾಲೆಯ ಬದಿಯಲ್ಲಿ ಇರುವುದು ತಜಂಕ್. ಇದೂ ತಜಂಕ್.”

“ನನ್ನ ಬೀಜ?”

“ಮೊದಲ ಮಳೆಗೇ ತೋಡಿಗೆ ಹೋಗಿ ಸಮುದ್ರ ಸೇರಿತು. ಈಗ ಇಂಗ್ಲೆಂಡಿಗೆ ಮುಟ್ಟಿರಬಹುದು.”

ನಾನು ಬಾವಿಕಟ್ಟೆಯ ಮೇಲೆ ಕುಳಿತೆ. ಆ ಏಳು ಅಂಬಡೆ, ಮತ್ತೆ ಎರಡು, ಎಲ್ಲ ಒಟ್ಟಿಗೆ ನೆನಪಾದವು.

“ಮೊದಲೇ ಹೇಳಲಿಕ್ಕೆ ಎಂತ ಆಗಿತ್ತು ನಿನಗೆ?”

“ಹೇಳಿದರೆ ನಂಬುತ್ತಿದ್ದಿರಾ? ಪೊಟ್ಟಣ ಓದಿ ಹೇಳುತ್ತಿದ್ದಿರಿ.” ಅವಳ ಧ್ವನಿ ತಗ್ಗಿತು. “ಬೆಳಿಗ್ಗೆ ಎದ್ದ ಕೂಡಲೇ ಮಗುವಿನ ಹಾಗೆ ಅಲ್ಲಿಗೆ ಓಡುತ್ತಿದ್ದಿರಿ. ನಿಮ್ಮನ್ನು ಅಷ್ಟು ಖುಷಿಯಲ್ಲಿ ಕಾಣದೆ ಎಷ್ಟೋ ವರ್ಷ ಆಗಿತ್ತು, ಮಾರಾಯ್ರೇ. ಕೆಡಿಸಲಿಕ್ಕೆ ಮನಸ್ಸು ಬರಲಿಲ್ಲ.” ಲೋಟವನ್ನು ಸೆರಗಿನಿಂದ ಒರೆಸುತ್ತ, “ಮತ್ತೆ ಸೊಪ್ಪೂ ಎಳೆಯದು ಸಿಗುತ್ತಿತ್ತು,” ಎಂದು ಸೇರಿಸಿದಳು.

ನನಗೆ ಸಿಟ್ಟು ಬರಲಿಲ್ಲ. ನಾಚಿಕೆಯಾಯಿತು. ಇಷ್ಟು ವರ್ಷಗಳಲ್ಲಿ ಅವಳ ಮುಖ ನೋಡಿ ಮಾತಾಡಿದ್ದಕ್ಕಿಂತ ಹೆಚ್ಚಾಗಿ ಈ ನಾಲ್ಕು ತಿಂಗಳಲ್ಲಿ ಪೊಟ್ಟಣವನ್ನು ಓದಿದ್ದೆ. ಎದ್ದು ಗುದ್ದಲಿ ತಂದೆ. ಗಿಡಗಳನ್ನು ಮಣ್ಣು ಸಮೇತ ಎಬ್ಬಿಸಿ ಬುಟ್ಟಿಗೆ ಹಾಕಿ, ಸಂಜೆಯೊಳಗೆ ನಾಲ್ಕು ಮಲ್ಲಿಗೆಯನ್ನೂ ಆ ಜಾಗದಲ್ಲಿ ನೆಟ್ಟು, ನಾನೇ ನೀರು ಸೇದಿ ಹಾಕಿದೆ.

“ಹೆಡ್‌ಮಾಷ್ಟ್ರಿಗೆ ನಾಳೆಯೇ ಹೋಗಿ ಹೇಳಿ,” ಎಂದಳು ನಳಿನಾಕ್ಷಿ.

ಹೇಳಬೇಕೆಂದೇ ಭಾನುವಾರ ಅವರ ಮನೆಗೆ ಹೋದೆ. ಬಾಗಿಲಲ್ಲೇ ಅವರು ನನ್ನ ಹೆಗಲು ತಟ್ಟಿ, ಊರಿನ ನಾಲ್ಕು ಮಹನೀಯರಿಗೆ ನನ್ನನ್ನು ‘ಸಸ್ಯಶಾಸ್ತ್ರಜ್ಞ’ ಎಂದು ಪರಿಚಯಿಸಿದರು. ಕಾಫಿ ಕುಡಿದು ವಾಪಸು ಬಂದೆ.

ಸೋಮವಾರ ಬೆಳಿಗ್ಗೆ ಬುಟ್ಟಿ ಹಿಡಿದು ಶಾಲೆಯ ಕಾಂಪೌಂಡಿನ ಬದಿಯಲ್ಲಿ ನಿಂತೆ. ರಾಯರು ಜಗಲಿಯಿಂದ ಕೈ ಬೀಸಿದರು. ನಮ್ಮ ಜವಾನ ಜೋಕಿಮ್ ಅಲ್ಲಿನ ಗಿಡವೊಂದನ್ನು ಕಿತ್ತ. ನನ್ನ ಬುಟ್ಟಿಯಿಂದ ಇನ್ನೊಂದನ್ನು ಎತ್ತಿದ. ಎರಡನ್ನೂ ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ.

“ಮಾಷ್ಟ್ರೇ, ಇದನ್ನು ಕಿತ್ತು ಇದನ್ನೇ ನೆಡುವುದಾ?”

ನಾನು ಜಗಲಿಯ ಕಡೆ ನೋಡಿದೆ.

“ಅದು ಕಾಡುಗಿಡ, ಜೋಕಿಮ್. ಇದು ಇಂಗ್ಲೆಂಡಿನ ಒಂದು ಜಾತಿಯ ಪುಷ್ಪ.”

ಜೋಕಿಮ್ ನಗಲಿಲ್ಲ. ಇಪ್ಪತ್ತು ವರ್ಷ ಮಾಷ್ಟ್ರುಗಳ ಮಧ್ಯೆ ಕೆಲಸ ಮಾಡಿದ ಮನುಷ್ಯ. ಬಹಳ ಜಾಗ್ರತೆಯಿಂದ ಒಂದು ಗಿಡವನ್ನು ಎಡಕ್ಕೂ ಒಂದನ್ನು ಬಲಕ್ಕೂ ಇಟ್ಟ.

“ಆಯಿತು. ಹಾಗಾದರೆ ಎರಡನ್ನೂ ದೂರ ದೂರ ಇಡುವ, ಮಾಷ್ಟ್ರೇ. ಬೆರಕೆಯಾದರೆ ಮತ್ತೆ ನಿಮಗೂ ಗುರುತು ಸಿಗಲಿಕ್ಕಿಲ್ಲ.”