ಸೆಟ್ಟಿಂಗ್ಸಿಗೊಂದು ಶಾರ್ಟ್‌ಕಟ್ ಹಾಕಿಕೊಡಿ

ಕಂಪ್ಯೂಟರಿನ ಸೆಟ್ಟಿಂಗ್ಸ್ ಏಳು ಸುತ್ತಿನ ಕೋಟೆಯೊಳಗೆ ಇರುತ್ತವೆ. ಬೇಕಾದ್ದಕ್ಕೆ ಒಂದು ಶಾರ್ಟ್‌ಕಟ್ ಮಾಡಿ ಪರದೆಯ ಮೇಲಿಟ್ಟರೆ ಗಿರಾಕಿ ಒಂದೇ ಕ್ಲಿಕ್ಕಿನಲ್ಲಿ ಕೆಲಸ ಮುಗಿಸಿಕೊಳ್ಳುತ್ತಾನೆ, ನನಗೆ ಫೋನ್ ಮಾಡುವುದಿಲ್ಲ ಎಂದು ನಂಬಿ, ಕಂಪ್ಯೂಟರ್ ರಿಪೇರಿಯ ಚೀಲ ಹೊತ್ತು ಹದಿನೈದು ವರ್ಷದಿಂದ ಲೋಕಲ್ ಟ್ರೇನಿನಲ್ಲಿ ಜೋತಾಡುತ್ತಿದ್ದೇನೆ. ನಂಬಿಕೆ ಈಗಲೂ ಇದೆ. ಫೋನೂ ಬರುತ್ತಲೇ ಇದೆ.

ಜಾಗಾ ಇಲ್ಲ

ವಾಶಿ ಮಾರ್ಕೆಟ್ಟಿನಲ್ಲಿ ಬೆಳ್ಳುಳ್ಳಿ ವ್ಯಾಪಾರ ಮಾಡುವ ಗದಗ ಕಡೆಯ ಸಾಹುಕಾರರೊಬ್ಬರಿಗೆ ಪ್ರಿಂಟರ್ ಸೆಟ್ಟಿಂಗ್ಸಿನ ಶಾರ್ಟ್‌ಕಟ್ ಹಾಕಿಕೊಟ್ಟೆ. ಅಷ್ಟಕ್ಕೇ ನಿಲ್ಲಿಸದೆ, ಹಾಕುವುದು ಹೇಗೆಂದೂ ಕಲಿಸಿದೆ. ತಪ್ಪಾಗಿದ್ದು ಅಲ್ಲೇ.

ಒಂದೇ ತಿಂಗಳಲ್ಲಿ ಫೋನ್ ಬಂತು. "ಸಾಹೇಬ್ರ, ಕಂಪ್ಯೂಟರ್ ಪೂರಾ ತುಂಬೇತ್ರಿ. ಒಂದ ಬೆಳ್ಳೊಳ್ಳಿ ಇಡಾಕೂ ಜಾಗಾ ಇಲ್ಲ."

ಹೋಗಿ ನೋಡಿದರೆ ಪರದೆಯ ಈ ತುದಿಯಿಂದ ಆ ತುದಿಗೆ ಶಾರ್ಟ್‌ಕಟ್ಟುಗಳ ಜಾತ್ರೆ. ಮೌಸಿಗೆ, ಕೀಬೋರ್ಡಿಗೆ, ಗಡಿಯಾರಕ್ಕೆ, ಸೌಂಡಿಗೆ. ಒಂದೊಂದಕ್ಕೆ ಮೂರು ಮೂರು. ಯಾಕೆಂದರೆ, "ಒಂದು ಕೆಟ್ರ ಇನ್ನೊಂದು ಇರ್ಲಿ ಅಂತ್ರಿ." ಹಾರ್ಡ್ ಡಿಸ್ಕ್ ಮುಕ್ಕಾಲು ಖಾಲಿ. ಇವು ಬರೀ ದಾರಿ ತೋರಿಸುವ ಬೋರ್ಡುಗಳು, ತೆಗೆದರೂ ಏನೂ ಆಗದು, ಒಳಗೆ ಬೇಕಾದಷ್ಟು ಜಾಗವಿದೆ ಎಂದು ಅರ್ಧ ತಾಸು ವಿವರಿಸಿದೆ. ಗಂಭೀರವಾಗಿ ತಲೆಯಾಡಿಸಿದರು.

ಮುಂದಿನ ವಾರ ಟಿವಿಯಷ್ಟು ದೊಡ್ಡ ಮಾನಿಟರ್ ತರಿಸಿ ನನಗೇ ತೋರಿಸಿದರು. "ನೀವು ಹೇಳಿದ್ದು ಖರೇ ಐತ್ರಿ. ಜಾಗಾ ಒಳಗಿತ್ತು, ಹೊರಗ ಇರಲಿಲ್ಲ. ಈಗ ನೋಡ್ರಿ, ಗೋಡೌನ್ ದೊಡ್ಡದಾತು!"

ವೈಫೈ ನಿರ್ಮೂಲನೆ

ಐರೋಲಿಯ ಆಫೀಸೊಂದರಲ್ಲಿ ಸಿಬ್ಬಂದಿ ಕೆಲಸ ಬಿಟ್ಟು ಕ್ರಿಕೆಟ್ ನೋಡುತ್ತಾರೆಂದು ಮ್ಯಾನೇಜರ್ ಕುದಿಯುತ್ತಿದ್ದರು. ಒಂದು ದಿನ ವಿಜಯದ ದನಿಯಲ್ಲಿ ಫೋನ್ ಮಾಡಿದರು. "ಎಲ್ಲರ ಕಂಪ್ಯೂಟರಿಂದಲೂ ವೈಫೈ ಡಿಲೀಟ್ ಮಾಡಿಬಿಟ್ಟೆ!"

"ಹೇಗೆ ಸರ್?"

"ನೀವು ಡೆಸ್ಕ್‌ಟಾಪ್ ಮೇಲೆ ವೈಫೈ ಸೆಟ್ಟಿಂಗ್ಸ್ ಇಟ್ಟಿದ್ರಲ್ಲ, ಅದನ್ನೇ ಎತ್ತಿ ರಿಸೈಕಲ್ ಬಿನ್ನಿಗೆ ಹಾಕಿದೆ. ಬಸ್, ಖತಂ!"

"ಕ್ರಿಕೆಟ್ ನಿಂತಿತಾ?"

ವಿಜಯದ ದನಿ ಇಳಿಯಿತು. "ಅದನ್ನೇ ಕೇಳೋಣ ಅಂತ ಫೋನ್ ಮಾಡಿದ್ದು. ಕಸದ ಬುಟ್ಟಿ ಒಳಗಿಂದಾನೂ ಸಿಗ್ನಲ್ ಬರುತ್ತಾ?"

ಅಡ್ಡದಾರಿ

ಡೊಂಬಿವಲಿಯ ನಿವೃತ್ತ ಹೆಡ್‌ಮಾಸ್ತರರಿಗೆ ಶಾರ್ಟ್‌ಕಟ್ ಎಂಬ ಶಬ್ದವೇ ಆಗದು. "ಇಡೀ ಆಯುಷ್ಯ ಮಕ್ಕಳಿಗೆ ಅಡ್ಡದಾರಿ ಹಿಡಿಯಬೇಡಿ ಅಂತ ಪಾಠ ಹೇಳಿದವನು ನಾನು. ನನ್ನ ಮನೆಯಲ್ಲೇ ಶಾರ್ಟ್‌ಕಟ್ಟೇ?" ಎಂದು ಸೌಂಡ್ ಸೆಟ್ಟಿಂಗ್ಸಿಗೆ ಹೋಗುವ ದಾರಿಯನ್ನು ನೋಟ್‌ಬುಕ್ಕಿನಲ್ಲಿ ಎಂಟು ಹಂತವಾಗಿ ಬರೆದುಕೊಂಡರು.

ಹೊರಡುವಾಗ ಅವರ ಹೆಂಡತಿ ಬಾಗಿಲ ಬಳಿ ಪಿಸುಗುಟ್ಟಿದರು. "ಇವರು ಐದನೇ ಹಂತಕ್ಕೆ ಬರೋಷ್ಟರಲ್ಲಿ ಪುಣೆಯ ಮಗಳು ವಿಡಿಯೊ ಕಾಲ್ ಕಟ್ ಮಾಡಿರ್ತಾಳೆ. ನನ್ನ ಲಾಗಿನ್ನಲ್ಲಿ ಗುಟ್ಟಾಗಿ ಒಂದು ಹಾಕಿಕೊಡಿ." ಹಾಕಿಕೊಟ್ಟೆ.

ತಿಂಗಳಾದ ಮೇಲೆ ಮಾಸ್ತರರು ಸಿಕ್ಕಿ ಎದೆಯುಬ್ಬಿಸಿದರು. "ನೋಡಿ, ಎಂಟೂ ಹಂತ ಬಾಯಿಪಾಠ ಮಾಡಿಸಿದ್ದಕ್ಕೆ ನಮ್ಮ ಮನೆಯವಳೀಗ ಕಣ್ಣು ಮಿಟುಕಿಸೋದರೊಳಗೆ ಮಾಡ್ತಾಳೆ!"

ಮುಕ್ತಾಯ

ಕಲ್ಯಾಣದ ಒಂದು ಕನ್ನಡ ಸಂಘದ ಅಧ್ಯಕ್ಷರು ಕನ್ನಡದ ಕಟ್ಟಾ ಅಭಿಮಾನಿ. ಲ್ಯಾಪ್‌ಟಾಪಿನ ಶಾರ್ಟ್‌ಕಟ್ಟುಗಳಿಗೂ ಕನ್ನಡದ ಹೆಸರೇ ಬೇಕೆಂದರು. ಡಿಸ್‌ಪ್ಲೇ 'ಪರದೆ'ಯಾಯಿತು, ಸೌಂಡ್ 'ಧ್ವನಿ'ಯಾಯಿತು. ಶಟ್‌ಡೌನಿಗೆ ಅವರೇ 'ಮುಕ್ತಾಯ' ಎಂದು ನಾಮಕರಣ ಮಾಡಿದರು.

ವಾರ್ಷಿಕೋತ್ಸವಕ್ಕೆ ಲ್ಯಾಪ್‌ಟಾಪ್ ನೋಡಿಕೊಳ್ಳಲು ನನ್ನನ್ನೂ ಕರೆದಿದ್ದರು. ಅವರ ಭಾಷಣ ಅದರ ಪರದೆಯ ಮೇಲೆ, ಶಾರ್ಟ್‌ಕಟ್ಟುಗಳ ಪಕ್ಕದಲ್ಲೇ, ಮೂರು ಫೈಲುಗಳಲ್ಲಿ ಸಿದ್ಧವಾಗಿತ್ತು: ಪೀಠಿಕೆ, ವಿಷಯ, ಮುಕ್ತಾಯ. ಪೀಠಿಕೆಗೇ ಅರ್ಧ ಗಂಟೆ ಹಿಡಿಯಿತು. ವಿಷಯ ಮುಗಿಯುವಾಗ ಪಕ್ಕದ ಹಾಲ್‌ನಿಂದ ಬಿಸಿಬೇಳೆ ಭಾತಿನ ಘಮ ಬಂದು ಸಭೆಯ ಮೂಗಿಗೆ ಬಡಿಯುತ್ತಿತ್ತು. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು, "ಈಗ ಮುಕ್ತಾಯಕ್ಕೆ ಬರುತ್ತೇನೆ, ಇನ್ನೊಂದೇ ಗಂಟೆ" ಎಂದು ಕ್ಲಿಕ್ ಮಾಡಿದರು.

ಕಂಪ್ಯೂಟರ್ ಎಂದೂ ಇಷ್ಟು ವಿಧೇಯವಾಗಿ ವರ್ತಿಸಿದ್ದನ್ನು ನಾನು ಕಂಡಿಲ್ಲ. ಪರದೆ ಕಪ್ಪಾಯಿತು. ಸಭೆ ಭಾಷಣ ಮುಗಿಯಿತೆಂದು ಚಪ್ಪಾಳೆ ತಟ್ಟುತ್ತ ಎದ್ದುನಿಂತಿತು. "ನಿಲ್ಲಿ, ಮುಗಿದಿಲ್ಲ, ಕೂತುಕೊಳ್ಳಿ!" ಎಂದು ಅಧ್ಯಕ್ಷರು ಮೈಕಿನಲ್ಲಿ ಕೂಗುವಷ್ಟರಲ್ಲಿ ಮೊದಲ ಸಾಲಿನವರ ಕೈಗೆ ತಟ್ಟೆ ಬಂದಿತ್ತು.

ಇನ್ನು ಈ ಸಂಘದಲ್ಲಿ ನನ್ನ ಕಥೆ ಮುಗಿಯಿತೆಂದು ಚೀಲ ಹೆಗಲಿಗೇರಿಸುತ್ತಿದ್ದೆ. ಉಡುಪಿ ಕಡೆಯ ಕಾರ್ಯದರ್ಶಿಗಳು ಓಡಿ ಬಂದು ನನ್ನ ಕೈ ಹಿಡಿದುಕೊಂಡರು.

"ಮಾರಾಯ್ರೇ, ಅದನ್ನು ಮಾತ್ರ ತೆಗೀಬೇಡಿ. ಸಾಧ್ಯ ಆದ್ರೆ 'ಪೀಠಿಕೆ' ಅಂತ ಅಂಥದ್ದೇ ಇನ್ನೊಂದು ಹಾಕಿಬಿಡಿ!"