ಎದೆಯ ಕರೆಂಟೂ ಯಜಮಾನರ ‘ಆತು’ವೂ

ನನಗೆ ಸಿಟ್ಟೇ ಬರುವುದಿಲ್ಲ. ಹಳದೀಪುರದಲ್ಲಿ ಯಾರನ್ನು ಬೇಕಾದರೂ ಕೇಳಿ, ನಮ್ಮ ಯಜಮಾನರೊಬ್ಬರನ್ನು ಬಿಟ್ಟು.

ಕರ್ಕಿಯ ಮಹಿಳಾ ಯಕ್ಷಗಾನದಲ್ಲಿ ನನಗೆ ದುಃಶಾಸನನ ಪಾತ್ರ ಸಿಕ್ಕಿತ್ತು. ಅಭ್ಯಾಸದಲ್ಲಿ ಕುಣಿಯುವಾಗ ಎದೆ ತಾಳ ತಪ್ಪಿತು. ಕುಮಟೆಯ ಡಾಕ್ಟರು ಎದೆಗೆ ವಯರು ಅಂಟಿಸಿ, ಮರುದಿನದವರೆಗೆ ಬಡಿತ ದಾಖಲಿಸಲು ಸೊಂಟಕ್ಕೊಂದು ಯಂತ್ರ ಕಟ್ಟಿದರು. “ಸಿಟ್ಟು ಬಂದರೆ ಅಡ್ರಿನಲಿನ್ ರಕ್ತಕ್ಕಿಳಿದು ಹೃದಯದ ಸ್ನಾಯುವಿನ ಕರೆಂಟನ್ನು ಕೆಣಕುತ್ತದೆ. ಸರದಿ ಬರುವ ಮೊದಲೇ ಬಡಿತ ನುಗ್ಗುತ್ತದೆ. ಅದು ಜಾಸ್ತಿ ಕಂಡರೆ ಈ ಸಲ ಕುಣಿತ ಬೇಡ” ಎಂದರು. ನಾನು ನಕ್ಕೆ. ಸಿಟ್ಟೇ ಇಲ್ಲದವಳಿಗೆ ಎಂತಹ ಭಯ!

ಮನೆಗೆ ಬಂದು ತಾರಸಿಯಲ್ಲಿ ಹಲಸಿನ ಹಪ್ಪಳ ಹರವಿದೆ. ಪಕ್ಕದ ಟಾಂಕಿಗೆ ನೀರು ಏರುತ್ತಿತ್ತು. ಕೆಳಗಿಳಿದು ಕೇಳಿದೆ, “ಪಂಪ್ ಬಂದ್ ಮಾಡೂದು ಎಂತ ಆತು?”

ಪೇಪರಿನ ಹಿಂದಿನಿಂದ ಯಜಮಾನರು, “ಆತು.”

ನೆಮ್ಮದಿಯಾಗಿ ಮಲಗಿದೆ. ಎಚ್ಚರವಾದಾಗ ಟಾಂಕಿ ತುಂಬಿ ಹರಿದು, ಹಪ್ಪಳವೆಲ್ಲ ಹಿಟ್ಟಾಗಿ ತಾರಸಿಯ ಪೈಪಿನಲ್ಲಿ ಅಂಗಳಕ್ಕಿಳಿಯುತ್ತಿತ್ತು.

“ಆತು ಅಂದ್ರಲ್ಲ?”

“ಮಾಡ್ತೆ ಅಂತ ಆತು ಅಂದೆ.”

“ಆತು ಅಂದ್ರೆ ಮುಗೀತು ಅಂತ!”

“ನಿನ್ನ ಜಾಲಿ ಬದಿಗೆ ಹಂಗೆ ಇರ್ಬಹುದು ಮಾರಾಯ್ತಿ.”

ತವರಿನ ಹೆಸರೆತ್ತಿದ ಮೇಲೆ ಯಾವ ಯಂತ್ರದ ನೆನಪು? ಸೋರುವ ನಲ್ಲಿ, ಮುರಿದ ಗೇಟು, ಮದುವೆಯಾದಾಗಿನಿಂದ ಅವರು ಹೇಳಿದ ಆತುಗಳನ್ನೆಲ್ಲ ಹೆಸರು ಹಿಡಿದು ಕೂಗಿದೆ. ಸೊಂಟದಲ್ಲಿ ಹಸಿರು ದೀಪ ಸುಮ್ಮನೆ ಮಿನುಗುತ್ತಿತ್ತು.

ಮರುದಿನ ಡಾಕ್ಟರು ಗೆರೆಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. “ನಿನ್ನೆ ಮಧ್ಯಾಹ್ನ ಇಲ್ಲಿ ಏನಾಯಿತು?”

“ಎಂತದೂ ಇಲ್ಲ, ಮಲಗಿದ್ದೆ” ಎಂದೆ.

“ನಾನು ಆತು ಅಂದೆ” ಎಂದರು ಜೊತೆಗೆ ಬಂದಿದ್ದ ಯಜಮಾನರು.

“ಅಂದ್ರಿ. ಮಾಡ್ಲಿಲ್ಲ!”

ಹೊರಗೆ ಕುಳಿತ ರೋಗಿಗಳು ಬಾಗಿಲಲ್ಲಿ ಇಣುಕಿದರು. ಡಾಕ್ಟರು ಮತ್ತೇನೂ ಕೇಳದೆ, ಅಡ್ರಿನಲಿನ್ನಿನ ಮಾತು ಹೃದಯಕ್ಕೆ ಅಷ್ಟಾಗಿ ಕೇಳಿಸದಂತೆ ಮಾಡುವ ಮಾತ್ರೆ ಬರೆದರು. “ಕುಳಿತು ಮಾಡುವ ಪಾತ್ರವಿದ್ದರೆ ಮಾಡಿ.”

ಹಾಗಾಗಿ ನಾನು ಧರ್ಮರಾಯ. ಹೆಂಡತಿಯ ಸೀರೆ ಎಳೆಯುತ್ತಿದ್ದರೂ ತಲೆ ತಗ್ಗಿಸಿ ಕೂರಬೇಕು. ನನ್ನ ದುಃಶಾಸನ ಪಕ್ಕದ ಮನೆಯ ಸುಮಿತ್ರೆಯ ಪಾಲಾಯಿತು. ಆ ಉರಿ ಇನ್ನೂ ಆರಿಲ್ಲ.

ಆಟದ ದಿನ, ಬಣ್ಣ ಹಚ್ಚುವ ಚೌಕಿಯ ಬಾಗಿಲಲ್ಲಿ ಭಾಗವತರು ನಿಂತು, “ಧರ್ಮರಾಯಂದು ಕಿರೀಟ ಕಟ್ಟಿ ಆತಾ?” ಎಂದು ಕೇಳಿದರು.

“ಆತು” ಎಂದೆ.

ಕಿರೀಟ ಇನ್ನೂ ಪೆಟ್ಟಿಗೆಯಲ್ಲೇ ಇತ್ತು. ಆ ಪೆಟ್ಟಿಗೆಯ ಮೇಲೆ ಯಜಮಾನರು ಕುಳಿತಿದ್ದರು.